ಶನಿಗೆ ಹೋದ ನೌಕೆ, ಕಣ್ಣು ಬಾಕಿಯಿದ್ದ ತೊಟ್ಟಿಲು

ಅವತ್ತು ಬೆಳಿಗ್ಗೆ ನನ್ನ ಗಂಡ ನನ್ನ ಜೊತೆ ಮಾತಾಡಲಿಲ್ಲ. ಅದರಲ್ಲಿ ಹೊಸದೇನೂ ಇರಲಿಲ್ಲ. ಸಿಟ್ಟು ಬಂದರೆ ಎರಡು ಮೂರು ದಿನ ಬಾಯಿಗೆ ಬೀಗ ಹಾಕಿಕೊಳ್ಳುವುದು ಅವರ ಹಳೆಯ ಚಟ. ಚಹಾ ಇಟ್ಟೆ, ಮುಟ್ಟಲಿಲ್ಲ. ಕೈಯಿಂದ ಕುಂಚ ಬಿತ್ತು, ಎತ್ತಿಕೊಂಡರು. ಮತ್ತೆ ಬಿತ್ತು. ನನಗೆ ತೋರಿಸಲಿಕ್ಕೇ ಎಸೆಯುತ್ತಿದ್ದಾರೆ ಅಂದುಕೊಂಡೆ. ನಾನೂ ಮುಖ ತಿರುಗಿಸಿಕೊಂಡು ಮಹಿಳಾ ಸಂಘದ ಮೀಟಿಂಗಿಗೆ ಹೋದೆ.

ಅದು ಸ್ಟ್ರೋಕ್ ಆಗಿತ್ತು.

ನಾವು ಕಲಘಟಗಿಯಲ್ಲಿ ಬಣ್ಣದ ತೊಟ್ಟಿಲು ಮಾಡುವವರು. ನಾವು ಅಂದರೆ ಅವರು. ಕಟ್ಟಿಗೆಗೆ ಪಾಲಿಶ್ ಪೇಪರ್ ತಿಕ್ಕುವವಳು, ಬಣ್ಣ ಅರೆಯುವವಳು, ಅಂಟು ಕಾಯಿಸುವವಳು ನಾನು, ಮೂವತ್ತು ವರ್ಷದಿಂದ. ಕುಂಚ ಮಾತ್ರ ಅವರದು. ಅದರಲ್ಲೂ ಕಣ್ಣು. ಕೃಷ್ಣ, ಗೋಪಿಯರು, ನವಿಲು, ಗಿಳಿ ಎಲ್ಲ ಮುಗಿದ ಮೇಲೆ ಕೊನೆಗೆ ಕಣ್ಣು ಬರೆಯುವುದು ನಮ್ಮ ಮನೆಯ ಪದ್ಧತಿ. ಬಮ್ಮಿಗಟ್ಟಿಯ ಒಂದು ಮನೆಯವರು ಸೊಸೆ ಬಸುರಿಯೆಂದು ಮಾಡಲು ಹೇಳಿ ಹೋಗಿದ್ದ ತೊಟ್ಟಿಲಿಗೆ ಆಗ ಕಣ್ಣಷ್ಟೇ ಬಾಕಿಯಿತ್ತು. ಹಿಂಬದಿಯ ಗಿಳಿಗಳ ಕಣ್ಣನ್ನಾದರೂ ನಾನು ಬರೆಯಲೇ ಎಂದು ಹಿಂದಿನ ಸಂಜೆ ಕೇಳಿದ್ದೆ.

"ಕಣ್ಣ ಬರಿಯೂದು ರೊಟ್ಟಿ ಬಡದಂಗಲ್ಲ," ಅಂದರು.

ಹಾಗಾದರೆ ನಾಳೆಯಿಂದ ರೊಟ್ಟಿಯನ್ನು ನೀವೇ ಬಡಿದುಕೊಳ್ಳಿ ಎಂದೆ ನಾನು. ಹಾಗಾಗಿ ಬೆಳಗಿನ ಮೌನಕ್ಕೆ ನನ್ನ ಹತ್ತಿರ ಕಾರಣ ಸಿದ್ಧವಿತ್ತು.

ಮಧ್ಯಾಹ್ನ ಬಂದು ನೋಡಿದರೆ ಗೋಡೆಗೆ ಒರಗಿ ಕೂತಿದ್ದರು. ಬಾಯಿ ಎಡಕ್ಕೆ ಎಳೆದಿತ್ತು. ಬಲಗೈ ತೊಡೆಯ ಮೇಲೆ ಯಾರೋ ಇಟ್ಟು ಮರೆತುಹೋದ ಸಾಮಾನಿನಂತಿತ್ತು. ಹುಬ್ಬಳ್ಳಿಗೆ ಒಯ್ದೆವು. ಸಿಟಿ ಸ್ಕ್ಯಾನ್ ಆಯಿತು. ಡಾಕ್ಟರು ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿದರು, ಯಾವಾಗ ಶುರುವಾಯಿತು ಅಂತ. ಬೆಳಿಗ್ಗೆ ಚಹಾದ ಹೊತ್ತಿಗೆ ಎಂದೆ.

"ಆವಾಗ ಬಂದಿದ್ರ ಇಂಜೆಕ್ಷನ್ ಕೊಡಬಹುದಿತ್ರಿ. ಈಗ ಟೈಮ್ ದಾಟೇತಿ."

ಮೂವತ್ತು ವರ್ಷ ಒಬ್ಬನೇ ಗಂಡಸಿನ ಮುಖ ನೋಡಿಯೂ ಸಿಟ್ಟು ಯಾವುದು ರೋಗ ಯಾವುದು ಎಂದು ತಿಳಿಯದವಳು ನಾನು. ನನಗೆ ಹೇಸಿಗೆ ಹುಟ್ಟಿಸಿದವರ ಪಟ್ಟಿ ಈಗ ದೊಡ್ಡದಿದೆ, ಆದರೆ ಅದರಲ್ಲಿ ಮೊದಲ ಹೆಸರು ನನ್ನದೇ. ಉಳಿದವರು ಡಿಸ್ಚಾರ್ಜ್ ಆದ ಮೇಲೆ ಒಬ್ಬೊಬ್ಬರಾಗಿ ಬಂದು ಸೇರಿಕೊಂಡರು.

ಯಾರೂ ಬರಿಗೈಯಲ್ಲಿ ಬರಲಿಲ್ಲ. ಎಲ್ಲರೂ ಒಂದೊಂದು ಔಷಧ ಹೊತ್ತು ತಂದರು. ಪಾರಿವಾಳದ ರಕ್ತ ಹಚ್ಚಿ ತಿಕ್ಕಬೇಕು ಎಂದು ಒಬ್ಬ ದೊಡ್ಡ ಮನುಷ್ಯ ಅರ್ಧ ಗಂಟೆ ಉಪದೇಶ ಮಾಡಿದ. ಅವನ ಮಂಡಿನೋವಿಗೆ ಮಾತ್ರ ಹುಬ್ಬಳ್ಳಿಯ ದೊಡ್ಡ ಡಾಕ್ಟರೇ ಬೇಕು. ಹೆಂಗಸರು ಹಾಸಿಗೆಯ ಬಾಜುವಿನಲ್ಲೇ ಕೂತು, ಇದೇ ರೋಗದಲ್ಲಿ ಸತ್ತವರ ಹೆಸರುಗಳನ್ನು ನೆನಪು ಮಾಡಿಕೊಂಡರು. ಮಾತು ಹೋದವನಿಗೆ ಕಿವಿಯೂ ಹೋಗಿದೆ ಅಂತ ಇವರಿಗೆ ಯಾರು ಹೇಳಿದರೋ. ಚಹಾದಲ್ಲಿ ಮಾತ್ರ ಎಲ್ಲರಿಗೂ ಸಕ್ಕರೆ ಹೆಚ್ಚಿಗೆ ಬೇಕಿತ್ತು.

ಇವರೆಲ್ಲರಿಗಿಂತ ಮೇಲು ನನ್ನ ಮೈದುನ ಪರಶು. ಅಣ್ಣನ ಕೈ ನೋಡಲು ಬಂದವನು ತೊಟ್ಟಿಲನ್ನು ನೋಡಿದ. ಕಣ್ಣಿಲ್ಲದ ಕೃಷ್ಣನನ್ನು ಬೆರಳಿನಿಂದ ಮುಟ್ಟಿದ. "ವೈನಿ, ಕಣ್ಣಿನ ಸ್ಟಿಕರ್ ಸಿಗ್ತಾವ. ಹಚ್ಚಿ ಕಳಿಸೂಣು. ಯಾರಿಗೆ ತಿಳೀತೈತಿ?" ಎಂದ.

ಹಾಸಿಗೆಯಿಂದ ನೀರಿನ ತಂಬಿಗೆ ಹಾರಿ ಬಂತು. ಎಡಗೈಯಲ್ಲಿ ಎಸೆದದ್ದು, ಗುರಿ ತಪ್ಪಿತು. ಆಸ್ಪತ್ರೆಯಿಂದ ಬಂದ ಮೇಲೆ ನನಗೆ ಮೊದಲ ಸಲ ಧೈರ್ಯ ಬಂದದ್ದು ಆಗ.

ಕೂಸು ಹುಟ್ಟುವ ಮೊದಲು ನಮ್ಮ ಕಡೆ ತೊಟ್ಟಿಲನ್ನು ಮನೆಗೆ ಒಯ್ಯುವುದಿಲ್ಲ. ಅಂದರೆ ಹೆರಿಗೆಯವರೆಗೆ ಮೂರು ತಿಂಗಳು ಸಮಯವಿತ್ತು. ಅಷ್ಟರಲ್ಲಿ ಆ ಕೈ ಬರಬೇಕು. ಬಾರದಿದ್ದರೆ ಸ್ಟಿಕರ್. ಅವರು ದಿನಕ್ಕೆ ಹತ್ತು ಸಲ ತೊಟ್ಟಿಲ ಕಡೆ ನೋಡುತ್ತಿದ್ದರು, ನಾನು ಅವರ ಕಡೆ ನೋಡುತ್ತಿದ್ದೆ.

ಫಿಜಿಯೊಥೆರಪಿಯ ಹುಡುಗಿ ಬೆರಳಿಗೆ ಸಣ್ಣ ಕೆಲಸ ಕೊಡಿ ಎಂದು ಮಣಿ ಪೋಣಿಸಲು ಕೊಟ್ಟಳು. ಮಣಿಗಳು ಅಡುಗೆಮನೆಯವರೆಗೆ ಉರುಳಿದವು. ಆಮೇಲೆ ನಮ್ಮ ಮಗಳು ಸುಜಾತಾ ಗುಡಗೇರಿಯಿಂದ ಬಂದಳು, ಅಲ್ಲಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಯಾರೋ ಶಾಲೆಗೆ ಕೊಟ್ಟ ಒಂದು ಡಬ್ಬಿ ತಂದಿದ್ದಳು. ಒಳಗೆ ಪ್ಲಾಸ್ಟಿಕ್ಕಿನ ಚೌಕಟ್ಟುಗಳು, ಚೌಕಟ್ಟಿಗೆ ಅಂಟಿಕೊಂಡ ನೂರಾರು ತುಂಡುಗಳು. ಕತ್ತರಿಸಿ, ತಿಕ್ಕಿ, ಅಂಟಿಸಿ, ಬಣ್ಣ ಹಚ್ಚಿದರೆ ಶನಿ ಗ್ರಹಕ್ಕೆ ಹೋದ ನೌಕೆಯ ಮಾದರಿ ಆಗುತ್ತದಂತೆ. ಸಾಗವಾನಿ ಬಿಟ್ಟು ಬೇರೆ ಕಟ್ಟಿಗೆ ಮುಟ್ಟದ ಮನುಷ್ಯನ ಮುಂದೆ ಪ್ಲಾಸ್ಟಿಕ್. ಅವರ ಮುಖದಲ್ಲಿ ಎಷ್ಟು ತಿರಸ್ಕಾರವಿತ್ತು ಅಂದರೆ, ಜೋತುಬಿದ್ದ ಬಲಗಡೆಯ ತುಟಿಯೂ ಸ್ವಲ್ಪ ಮೇಲೆ ಬಂತು.

ಎದುರು ಮನೆಯ ಗಂಗಕ್ಕ ಶನಿಯ ಹೆಸರು ಕೇಳಿಯೇ ಬಾಗಿಲಲ್ಲಿ ನಿಂತಳು. ಲಕ್ವಾ ಹೊಡೆದ ಮನೆಗೆ ಶನಿಯ ವಸ್ತು ತರುತ್ತಾರೆಯೇ ಎಂದು ಗದರಿಸಿ, ಎಳ್ಳೆಣ್ಣೆ ದೀಪ ಹಚ್ಚು ಅಂದಳು. ತಿಂಗಳಿಂದ ಮನೆಗೆ ಬಂದು ಹೋಗುವವರನ್ನು ನೋಡಿದರೆ ಶನಿ ಒಬ್ಬ ಬಂದದ್ದು ಭಾರವೇನಲ್ಲ ಎಂದೆ. ಒಂದು ವಾರ ಅವಳು ಬರಲಿಲ್ಲ. ಆ ಯಂತ್ರದಿಂದಾದ ಮೊದಲ ಉಪಕಾರ ಅದು.

ಅವರು ಮೂರು ದಿನ ಅದರ ಕಡೆ ನೋಡಲಿಲ್ಲ. ನಾಲ್ಕನೆಯ ದಿನ ನಾನೇ ಉಗುರು ಕತ್ತರಿಯಿಂದ ಒಂದು ತುಂಡು ಕತ್ತರಿಸಿದೆ. ಬೇಕಂತಲೇ ಒರಟಾಗಿ ಕತ್ತರಿಸಿದೆ. ಅವರಿಗೆ ತಡೆಯಲಾಗಲಿಲ್ಲ. ಎಡಗೈ ಚಾಚಿ ಕಸಿದುಕೊಂಡು, ಪಾಲಿಶ್ ಪೇಪರ್ ಕೊಡು ಎಂದು ಬೆರಳಿನಿಂದ ತೋರಿಸಿದರು.

ಹಾಗೆ ಶುರುವಾಯಿತು. ಅವರ ಎಡಗೈ, ನನ್ನ ಎರಡೂ ಕೈ. ಅವರ ಬಲಗೈ ಮೊದಲ ತಿಂಗಳು ಕಾಗದ ಹಾರದಂತೆ ಇಟ್ಟ ಕಲ್ಲಾಗಿ ಮಾತ್ರ ಉಪಯೋಗಕ್ಕೆ ಬಂತು. ಎರಡನೆಯ ತಿಂಗಳು ಹೆಬ್ಬೆರಳು, ತೋರುಬೆರಳು ಕೂಡಿ ಒಂದು ತುಂಡನ್ನು ಹಿಡಿದವು, ಅಂಟು ಆರುವವರೆಗೆ. ಮಾತು ಒಂದೊಂದೇ ಬರುತ್ತಿತ್ತು, ಅದೂ ಎಳೆದು ಎಳೆದು. ತಪ್ಪು ಹುಡುಕುವುದಕ್ಕೆ ಮಾತು ಬೇಕಾಗಿರಲಿಲ್ಲ, ಎಡಗೈಯ ಬೆರಳಿನಿಂದ ಮೇಜು ಕುಟ್ಟುತ್ತಿದ್ದರು. ರೋಗ ಅವರಿಂದ ಏನೇನೋ ಕಿತ್ತುಕೊಂಡಿತ್ತು, ಇದೊಂದನ್ನು ಬಿಟ್ಟು ಹೋಗಿತ್ತು.

ನೌಕೆಯ ಹೊಟ್ಟೆಗೆ ಬಂಗಾರದ ಬಣ್ಣ ಹಚ್ಚಬೇಕೆಂದು ಸೂಚನೆಯ ಹಾಳೆಯಲ್ಲಿತ್ತು. ಡಬ್ಬಿಯ ಮೇಲಿನ ಫೋಟೋದಲ್ಲಿ ಮಾತ್ರ ನಿಜವಾದ ನೌಕೆ ಸುಕ್ಕುಸುಕ್ಕು ಹಾಳೆ ಸುತ್ತಿಕೊಂಡಿತ್ತು. ಮದುವೆಯ ಬಾಸಿಂಗಕ್ಕೆ ಹಚ್ಚುವ ಹೊಳೆಯುವ ಬಂಗಾರದ ಬಣ್ಣದ ಬೇಗಡಿ ಹಾಳೆ ನಮ್ಮ ಪೆಟ್ಟಿಗೆಯಲ್ಲಿ ಇದ್ದೇ ಇರುತ್ತದೆ. ಅದನ್ನು ಮುದುಡಿ, ಬಿಡಿಸಿ, ಸುತ್ತಿದೆ. ಮೇಜು ಕುಟ್ಟುವ ಸದ್ದು ಬರಲಿಲ್ಲ. ಸುಜಾತಾ ಬಂದು ನೋಡಿ, ಖರೇ ಯಂತ್ರದ ಹಾಗೆಯೇ ಇದೆ ಎಂದಳು. ಡಬ್ಬಿಯೊಳಗೆ ನೌಕೆಗೆ ಹಚ್ಚುವ ಬಾವುಟದ ಸ್ಟಿಕರುಗಳೂ ಇದ್ದವು. ಅವರು ಅವನ್ನು ನೋಡಿದ ಕೂಡಲೇ ಕಸದ ಬುಟ್ಟಿಗೆ ಹಾಕಿದರು. ಬಾವುಟವನ್ನು ಎಡಗೈಯಿಂದ ತಾವೇ ಬರೆದರು. ಅದು ಜೋರು ಗಾಳಿಗೆ ಸಿಕ್ಕಂತೆ ಬಂತು.

ಹಾಳೆಯ ಪ್ರಕಾರ ನೌಕೆಯ ಕ್ಯಾಮೆರಾವನ್ನು ನಾಲ್ಕನೆಯ ಹಂತದಲ್ಲೇ ಕೂರಿಸಬೇಕಿತ್ತು. ಅವರು ಬಿಡಲಿಲ್ಲ. ಅದನ್ನು ಬೇರೆ ಮಾಡಿ ಕಾಗದದಲ್ಲಿ ಸುತ್ತಿ ಇಟ್ಟರು. ಎಲ್ಲ ಕೂಡಿಸಿದ ಮೇಲೆ ಇದೊಂದು ಒಳಗೆ ಹೋಗುವುದಿಲ್ಲ ಎಂದು ಸುಜಾತಾ ಅಂದಳು. ಯಾಕೆ ಇಟ್ಟಿದ್ದಾರೆ ಎಂದು ನನಗೆ ಗೊತ್ತಿತ್ತು. ಕಣ್ಣು ಕೊನೆಗೆ.

ಬಮ್ಮಿಗಟ್ಟಿಯಿಂದ ಫೋನು ಬಂತು. ಹೆಣ್ಣು ಕೂಸು. ಹೆಸರಿಡುವ ಮುನ್ನಾದಿನ ಬಂದು ತೊಟ್ಟಿಲು ಒಯ್ಯುತ್ತೇವೆ ಅಂದರು.

ಅವತ್ತೇ ಇವರು ಕ್ಯಾಮೆರಾ ಸುತ್ತಿದ್ದ ಕಾಗದ ಬಿಚ್ಚಿದರು. ಎಳ್ಳಿನಷ್ಟು ಗಾತ್ರದ ಕರಿ ಚುಕ್ಕೆ, ಅದರ ಮೇಲೆ ಬಿಳಿಯ ಒಂದು ಮಿಂಚು, ಅಷ್ಟೇ ಕೆಲಸ. ಬಲಗೈಯಲ್ಲಿ ಕುಂಚ ಹಿಡಿದರು. ಹಿಡಿದದ್ದೇ ದೊಡ್ಡದು. ಚುಕ್ಕೆ ಹರಡಿತು. ಒರೆಸಿಕೊಟ್ಟೆ. ಮತ್ತೆ ಹರಡಿತು. ಎಡಗೈಗೆ ಬದಲಾಯಿಸಿದರು, ಅದೂ ಗೆರೆಯಾಗಿ ಜಾರಿತು. ಆ ಬೆಳಿಗ್ಗೆ ನಾನು ಮುಖ ತಿರುಗಿಸಿಕೊಂಡು ಹೋದದ್ದು ಅವರಿಗೂ ನೆನಪಾಯಿತೋ ಏನೋ, ನನಗಂತೂ ಆಯಿತು. ಆಮೇಲೆ ಕುಂಚವನ್ನು ಮೇಜಿನ ಮೇಲೆ ನನ್ನ ಕಡೆ ಸರಿಸಿದರು.

ನಾನು ಬರೆದೆ. ಒಂದೇ ಉಸಿರಿನಲ್ಲಿ, ಮೊದಲು ಕಪ್ಪು, ಆಮೇಲೆ ಬಿಳಿ.

ಭೂತಗನ್ನಡಿ ಹಿಡಿದು ನೋಡಿದರು. "ಬ… ಬಗ್ಗೇತಿ," ಅಂದರು.

ಬಗ್ಗಿರಲಿಲ್ಲ. ಅದು ಅವರಿಗೂ ಗೊತ್ತಿತ್ತು. ಗೋಡೆ ಹಿಡಿದು ಎದ್ದು, ಸ್ಟೂಲನ್ನು ತೊಟ್ಟಿಲ ಹತ್ತಿರ ಎಳೆಯತೊಡಗಿದರು. ಅವರಿಗಲ್ಲ, ನನಗೆ. ಎರಡು ದಿನ ಕೂತು ಬರೆದೆ. ಮೊದಲು ಗಿಳಿಗಳು, ಆಮೇಲೆ ನವಿಲು, ಆಮೇಲೆ ಗೋಪಿಯರು. ಪ್ರತಿ ಕಣ್ಣಿಗೂ ಬಗ್ಗೇತಿ ಎಂದರು. ಕೃಷ್ಣನ ಕಣ್ಣಿಗೆ ಏನೂ ಅನ್ನಲಿಲ್ಲ.

ಬಮ್ಮಿಗಟ್ಟಿಯವರು ಗಾಡಿ ತಂದರು. ಕೂಸಿನ ಅಜ್ಜಿ ತೊಟ್ಟಿಲನ್ನು ಸುತ್ತಿ ನೋಡಿ, "ಲಕ್ವಾ ಹೊಡದ್ರೂ ಯಜಮಾನರ ಕೈ ಹೋಗಿಲ್ಲ ನೋಡ್ರಿ. ಕಣ್ಣಾಗ ಎಷ್ಟ ಜೀವ ಐತಿ," ಅಂದಳು. ಪರಶುವೂ ಅಲ್ಲೇ ನಿಂತಿದ್ದ, ತಾನೇ ಬರೆದವನಂತೆ ತಲೆಯಾಡಿಸಿದ.

"ನಂದಲ್ಲ," ಅಂದರು ಇವರು.

ಅಜ್ಜಿ ನನ್ನ ಕಡೆ ತಿರುಗಿ, ಪಾಪ, ಇನ್ನೂ ಏನೇನೋ ಮಾತಾಡುತ್ತಾರಲ್ಲ ಎಂದು ಕನಿಕರಪಟ್ಟಳು. ಅವಳ ಕನಿಕರಕ್ಕೆ ಬೆಂಕಿ ಹಾಕಬೇಕು ಅನ್ನಿಸಿತು. ಅಷ್ಟರಲ್ಲಿ ಇವರು ತೊಟ್ಟಿಲ ಅಂಚಿಗೆ ಎಡಗೈಯಿಂದ ಹೊಡೆದರು. ಕುತ್ತಿಗೆಯ ನರ ಉಬ್ಬಿಸಿ, ಒಂದೊಂದೇ ಮಾತನ್ನು ಹೊರಗೆ ತಳ್ಳಿದರು.

"ಕಣ್ಣು… ಕಸ್ತೂರಿ… ಬರದಾಳ."

ಕಸ್ತೂರಿ ನಾನು. ಜನರ ಮುಂದೆ ಅವರು ನನ್ನ ಹೆಸರು ಹಿಡಿದದ್ದು ಅದೇ ಮೊದಲು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಇಷ್ಟು ಹೇಳಲಿಕ್ಕೆ ಲಕ್ವಾ ಹೊಡೆಯಬೇಕಾಯಿತೇ? ಆಮೇಲೆ ಅಡುಗೆಮನೆಗೆ ಹೋಗಿ ಅತ್ತೆ. ಅದು ಬೇರೆ ಮಾತು.

ಈಗ ಬಿಪಿ ಹಿಡಿತದಲ್ಲಿದೆ, ಕೋಲು ಹಿಡಿದು ನಡೆಯುತ್ತಾರೆ. ಕ್ಯಾಮೆರಾ ಹೇಗೋ ಒಳಗೆ ಕೂತಿತು, ನೌಕೆ ಶಾಲೆಗೆ ಹೋಯಿತು. ಬಲಗೈ ಪೂರ್ತಿ ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ, ಇಷ್ಟು ಬಂದದ್ದಕ್ಕೆ ಯಾವ ದೇವರಿಗೆ ಕೈ ಮುಗಿಯಬೇಕೋ ನಾನು ಮುಗಿದಿದ್ದೇನೆ. ಅವರು ಬಹಳ ಹೊತ್ತು ಸುಮ್ಮನಿದ್ದರೆ ಕೈಯಲ್ಲಿನ ಕೆಲಸ ಬಿಟ್ಟು ಎದ್ದು ಹೋಗಿ ಮುಖ ನೋಡುತ್ತೇನೆ. ಸಿಟ್ಟೇ ಆಗಿದ್ದರೆ ಸಮಾಧಾನ.

ಬೆರಳಿಗೆ ಬಲ ಬರಲು ಹಿಟ್ಟಿನ ಕೆಲಸ ಮಾಡಿಸಿ ಎಂದು ಫಿಜಿಯೊಥೆರಪಿಯ ಹುಡುಗಿ ಹೇಳಿದ್ದಾಳೆ. ದಿನಾ ಬೆಳಿಗ್ಗೆ ಒಲೆಯ ಮುಂದೆ ಕೂತು ಬಲಗೈಯಿಂದ ಒಂದು ಜೋಳದ ರೊಟ್ಟಿ ಬಡಿಯುತ್ತಾರೆ. ಒಂದು ಕಡೆ ದಪ್ಪ, ಒಂದು ಕಡೆ ಹರಿದಿರುತ್ತದೆ. ನಾನು ಕುಂಚ ಕೆಳಗಿಟ್ಟು ಬಂದು ಬೆಳಕಿಗೆ ಹಿಡಿದು ನೋಡಿ, "ಬಗ್ಗೇತ್ರಿ," ಅನ್ನುತ್ತೇನೆ. ಆಮೇಲೆ ತಿನ್ನುತ್ತೇನೆ.