ಅಣ್ಣನ ನಂಬರಿನೊಳಗೆ ಸೇರಿಹೋದ ತಂಗಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ಕಡೆ ನಮ್ಮ ಧನಿಗಳ ಮಿಕ್ಸಿ, ಗ್ರೈಂಡರ್ ಅಂಗಡಿ ಇದೆ. ಮೂರು ಅಂಗಡಿಗಳ ಗಿರಾಕಿಗಳ ಪಟ್ಟಿಯನ್ನು ಒಂದೇ ಕಂಪ್ಯೂಟರಿಗೆ ತಂದಾಗ, ಅದರಲ್ಲಿ ಎರಡೆರಡು ಸಲ ಬಂದ ಹೆಸರುಗಳನ್ನು ಹುಡುಕಿ ಒಂದು ಮಾಡುವ ಕೆಲಸ ಬಂಟ್ವಾಳದ ಕೌಂಟರಿನಲ್ಲಿ ಕೂರುವ ನನ್ನ ತಲೆಗೆ ಬಿತ್ತು.

"ಮನೆ ಹೆಸರು ಒಂದೇ, ಫೋನ್ ನಂಬರ್ ಒಂದೇ ಅಂದ್ರೆ ಜನವೂ ಒಂದೇ. ಸೇರಿಸಿಬಿಡು, ಮುಗೀತು" ಎಂದರು ಧನಿಗಳು.

ಮುಗೀತಂತೆ! ನಮ್ಮ ಕಡೆ ಯಾರೆಂದು ಕೇಳಿದರೆ ಜನ ಮೊದಲು ಮನೆಯ ಹೆಸರು ಹೇಳುತ್ತಾರೆ. ಹೆಂಗಸರಾದರೆ ನಂಬರೂ ಅಣ್ಣನದ್ದೋ ಮಾವನದ್ದೋ. ತಾಯಿಮನೆಯಲ್ಲೇ ಉಳಿದ ತಂಗಿಗೂ ಅಣ್ಣನಿಗೂ ಮನೆ ಒಂದೇ ಇರದೆ ಎರಡಿರುತ್ತದೆಯೇ? ನಾನು ಒಬ್ಬೊಬ್ಬರಿಗೇ ಫೋನ್ ಮಾಡಿ ಕೇಳುತ್ತಾ ಕೂತೆ. ಧನಿಗಳಿಗೆ ತಾಳ್ಮೆ ಎಲ್ಲಿಂದ ಬರಬೇಕು? ನಾನು ಊಟಕ್ಕೆ ಹೋದಾಗ ತಾವೇ ಕೂತು ಟಕಟಕ ಒತ್ತಿ ಎಲ್ಲರನ್ನೂ ಸೇರಿಸಿಬಿಟ್ಟಿದ್ದರು.

ಮುಂದಿನ ವಾರ ಮುಂಡಾಜೆಯಿಂದ ಒಬ್ಬಾಕೆ ಬಸ್ಸು ಹಿಡಿದು ಬಂದರು. ದೋಸೆ ಹಿಟ್ಟು ರುಬ್ಬಿ ಹೋಟೆಲುಗಳಿಗೆ ಕೊಡುವವರು. ಅವರ ಗ್ರೈಂಡರ್ ಕೆಟ್ಟು ನಿಂತಿತ್ತು. ದೂರು ಕೊಟ್ಟರೂ ಯಾರೂ ಹೋಗಿರಲಿಲ್ಲ. ಕಂಪ್ಯೂಟರಿನಲ್ಲಿ ನೋಡಿದರೆ ಆಕೆಯ ಹೆಸರೇ ಇಲ್ಲ, ಅಣ್ಣನ ಹೆಸರಿನೊಳಗೆ ಸೇರಿಹೋಗಿದೆ. ಮೆಕ್ಯಾನಿಕ್ ಫೋನ್ ಮಾಡಿದ್ದು ಅಣ್ಣನಿಗೆ. 'ರಿಪೇರಿ ಬೇಡ' ಎಂದು ಆತ ಹೇಳಿಬಿಟ್ಟಿದ್ದ.

"ಹಿಟ್ಟು ಮಾರುವುದು ಮನೆತನಕ್ಕೆ ಮರ್ಯಾದೆ ಅಲ್ಲವಂತೆ ಅವನಿಗೆ" ಎಂದರು ಆಕೆ. "ಇನ್ನೂ ತಡವಾದ್ರೆ ಹೋಟೆಲಿನವರು ಬೇರೆ ಕಡೆಯಿಂದ ತಗೊಳ್ತಾರೆ. ಮತ್ತೆ ನಾನೆಂತ ಮಾಡುವುದು? ಈಗ ನನ್ನದೇ ಫೋನ್ ಉಂಟು. ನನ್ನ ಹೆಸರಲ್ಲೇ ಬರೆಯಿರಿ."

ನನಗೆ ಪಿತ್ತ ನೆತ್ತಿಗೇರಿತು. ಆ ಅಣ್ಣನನ್ನೂ ನಮ್ಮ ಧನಿಗಳನ್ನೂ ಒಂದೇ ಹೆಸರಿನಡಿ ಸೇರಿಸಿಬಿಡಬೇಕು ಅನ್ನಿಸಿತು. ಆಕೆಯ ಹೆಸರನ್ನು ಹೊಸದಾಗಿ ಬರೆಯತೊಡಗಿದೆ.

"ಎಂತ ಮಾರಾಯ್ತಿ, ಪುನಃ ಡಬಲ್ ಮಾಡ್ತೀಯಾ?" ಧನಿಗಳು ಒಳಗಿನಿಂದ ಗದರಿದರು.

"ಡಬಲ್ ಅಲ್ಲ ಸರ್, ಇವರು ಬೇರೆಯೇ ಜನ. ನಾನು ಬರೀತೇನೆ. ಬೇಡವಾದ್ರೆ ಬೇರೆ ಯಾರನ್ನಾದ್ರೂ ತಂದು ಇಲ್ಲಿ ಕೂರಿಸಿ" ಎಂದೆ, ಕಡ್ಡಿ ಮುರಿದ ಹಾಗೆ. ಒಳಗಿನಿಂದ ಏನೋ ಗೊಣಗುವುದು ಕೇಳಿಸಿತು.

ಪರದೆಯ ಮೇಲೆ ಪ್ರಶ್ನೆ ಬಂತು: ಈ ಮನೆಯ ಗಿರಾಕಿ ಈಗಾಗಲೇ ಇದ್ದಾರೆ. ಅವರೊಂದಿಗೆ ಸೇರಿಸಬೇಕೇ?

ಆಕೆ ಕೌಂಟರಿನ ಮೇಲೆ ಬಾಗಿ ಓದಿದರು. "ಇದನ್ನು ನಾನೇ ಒತ್ತಬಹುದಾ?" ಎಂದು ಕೇಳಿದರು.

ನಾನು ಮೌಸನ್ನು ಅವರ ಕಡೆ ತಳ್ಳಿದೆ. ಆಕೆ 'ಬೇಡ' ಒತ್ತಿದರು. ಮಧ್ಯಾಹ್ನ ಮೆಕ್ಯಾನಿಕ್ ಮುಂಡಾಜೆಗೆ ಹೊರಡುವ ಮೊದಲು ಫೋನ್ ಮಾಡಿದ್ದು ಆಕೆಗೇ.