ನಳಿಗೆಯೊಳಗಿನ ಗೆರೆ

ಬಂದೂಕಿನ ಕಾರ್ಖಾನೆಯಲ್ಲಿ ಕೆಲಸ ಎಂದು ಹೇಳಿದರೆ ಬಸ್ಸಿನಲ್ಲಿ ಪಕ್ಕ ಕೂತವರು ನನ್ನನ್ನು ಇನ್ನೊಂದು ಸಲ ನೋಡುತ್ತಾರೆ. ಆಮೇಲೆ ತೊಡೆಯ ಮೇಲಿರುವ ಟಿಫಿನ್ ಚೀಲವನ್ನು ನೋಡುತ್ತಾರೆ. "ಅಲ್ಲಿ ಹೆಂಗಸ್ರಿಗೆ ಏನಮ್ಮ ಕೆಲಸ?" ಎಂದು ಕೇಳಿದ ಕಂಡಕ್ಟರ್‌ಗಳಿಗೆ ಲೆಕ್ಕವಿಲ್ಲ.

ನಮ್ಮ ಕಾರ್ಖಾನೆ ಮಧುಗಿರಿಯಿಂದ ಕೊರಟಗೆರೆಗೆ ಹೋಗುವ ದಾರಿಯಲ್ಲಿದೆ. ದೊಡ್ಡದೇನಲ್ಲ, ಎರಡು ಶೆಡ್ಡು. ಒಂದರಲ್ಲಿ ಕೋವಿ ತಯಾರಾಗುತ್ತದೆ. ಹಂದಿ, ಕರಡಿಗಳ ಕಾಟಕ್ಕೆ ಲೈಸೆನ್ಸ್ ಮಾಡಿಸಿಕೊಂಡ ರೈತರು ಕೊಳ್ಳುವ ಒಂಟಿ ನಳಿಗೆಯವು ಮತ್ತು ಜೋಡಿ ನಳಿಗೆಯವು. ಇನ್ನೊಂದರಲ್ಲಿ ಬೆಟ್ಟ ಕಾಡು ಸುತ್ತುವವರ ಸಾಮಾನು: ಮಡಚುವ ಚಾಕು, ಕೈಗೊಡಲಿ, ಜೇಬಿನಲ್ಲಿ ಹಿಡಿಯುವ ಗರಗಸ, ಒದ್ದೆಯಾದರೂ ಉಜ್ಜಿದರೆ ಕಿಡಿ ಉದುರಿಸುವ ಕಡ್ಡಿ, ಜೋರು ಸೀಟಿ. ಇವನ್ನೆಲ್ಲ ಒಂದು ಕ್ಯಾನ್ವಾಸ್ ಚೀಲಕ್ಕೆ ತುಂಬಿ ಪಟ್ಟಣದ ಅಂಗಡಿಗಳಿಗೆ ಕಳಿಸುತ್ತಾರೆ. ದಾರಿ ತಪ್ಪಿದವನು ಆ ಚೀಲವೊಂದಿದ್ದರೆ ಮೂರು ದಿನ ಬದುಕಬಹುದು ಎಂದು ಅದರ ಮೇಲೆ ಬರೆದಿದೆ.

ನಾನು ಕೋವಿ ಶೆಡ್ಡಿನವಳು. ತೋವಿನಕೆರೆಯಿಂದ ದಿನಾ ಬಸ್ಸು ಹತ್ತಿಳಿದು ತುಮಕೂರಿನಲ್ಲಿ ಐಟಿಐ ಟರ್ನರ್ ಮುಗಿಸಿದವಳು. ನಳಿಗೆಯ ಒಳ ಅಳತೆಯನ್ನು ಗೇಜಿನಲ್ಲಿ ಪರೀಕ್ಷಿಸಿ ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕುವುದು ನನ್ನ ಕೆಲಸ. ಆ ಸಹಿಯ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು. ಆದರೆ ನಾನು ಆಸೆಪಟ್ಟದ್ದು ಕಿಟಕಿಯ ಪಕ್ಕದ ಸ್ಟೂಲಿಗೆ.

ಆ ಸ್ಟೂಲಿನ ಮೇಲೆ ಕೂರುತ್ತಿದ್ದವರು ಉಸ್ತಾದ್. ಸಿರಾದವರು, ತಾತನ ಕಾಲದಿಂದ ಕೋವಿ ರಿಪೇರಿಯ ಮನೆತನ. ಅವರೆದುರಿನ ಕಿಟಕಿಯ ಗಾಜಿಗೆ ಅಡ್ಡಲಾಗಿ ಒಂದು ಕಪ್ಪು ಪಟ್ಟಿ ಅಂಟಿಸಿತ್ತು. ನಳಿಗೆಯನ್ನು ಕಣ್ಣಿಗಿಟ್ಟು ಆ ಪಟ್ಟಿಯತ್ತ ಹಿಡಿದರೆ ಅದರ ನೆರಳು ಒಳಗಿನ ಹೊಳಪಿನ ಮೇಲೆ ಉದ್ದಕ್ಕೆ ಗೆರೆಯಾಗಿ ಬೀಳುತ್ತದೆ. ನಳಿಗೆ ನೆಟ್ಟಗಿದ್ದರೆ ಗೆರೆಯೂ ನೆಟ್ಟಗೆ. ಕೂದಲೆಳೆಯಷ್ಟು ಬಾಗಿದ್ದರೂ ಗೆರೆ ಅಲ್ಲಿ ಸೊಟ್ಟಗಾಗುತ್ತದೆ. ಉಸ್ತಾದ್ ಆ ಜಾಗಕ್ಕೆ ಸರಿಯಾಗಿ ತಾಮ್ರದ ಸುತ್ತಿಗೆಯಿಂದ ಒಂದೇ ಒಂದು ಪೆಟ್ಟು ಹಾಕಿ, ಮತ್ತೆ ನೋಡಿ, ಪಕ್ಕಕ್ಕಿಡುತ್ತಿದ್ದರು. ಗೇಜಿಗೆ ಸಿಗದ್ದು ಅವರ ಕಣ್ಣಿಗೆ ಸಿಗುತ್ತಿತ್ತು.

ಕಲಿಸಿ ಎಂದು ನಾನು ಕೇಳುತ್ತಲೇ ಇದ್ದೆ. ಅವರು ಕಲಿಸಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಎಷ್ಟೋ ಸಲ ಕೂರಿಸಿ ನಳಿಗೆ ಕೈಗೆ ಕೊಟ್ಟರು. ನನಗೆ ಕಂಡದ್ದು ಬೆಳಕು, ಬೆಳಕಿನೊಳಗೆ ಬೆಳಕಿನ ಬಳೆಗಳು. ಗೆರೆ ಇದೆ ಎಂದರೆ ಇದೆ, ಇಲ್ಲ ಎಂದರೆ ಇಲ್ಲ. "ಬರ್ತೈತೆ ಬೇಟಿ, ನಜರ್ ಕೂರ್ಬೇಕು. ಅವಸರ ಮಾಡ್ಬೇಡ" ಎನ್ನುತ್ತಿದ್ದರು.

ಅಷ್ಟರಲ್ಲಿ ಆಕೆ ಬಂದಳು. ಮಿಡಿಗೇಶಿಯ ಕುರಿ ಸಾಕುವವರ ಮನೆಯವಳು, ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಚೀಲಕ್ಕೆ ಚಾಕು, ಸೀಟಿ, ಕಿಡಿ ಕಡ್ಡಿ ತುಂಬುವ ಪ್ಯಾಕಿಂಗ್ ಕೆಲಸಕ್ಕೆ ಸೇರಿದ್ದಳು. ಅಲ್ಲಿ ನಮ್ಮನ್ನೆಲ್ಲ ಊರಿನ ಹೆಸರಿನಿಂದಲೇ ಕರೆಯುವುದು ವಾಡಿಕೆ. ನಾನು ತೋವಿನಕೆರೆ, ಆಕೆ ಮಿಡಿಗೇಶಿ.

ಒಂದು ದಿನ ರಟ್ಟಿನ ಪೆಟ್ಟಿಗೆ ಕೇಳಲು ನಮ್ಮ ಶೆಡ್ಡಿಗೆ ಬಂದವಳು ಉಸ್ತಾದರ ಹಿಂದೆ ನಿಂತು ನೋಡುತ್ತಿದ್ದಳು. "ನಾನೂ ನೋಡ್ಲಾ?" ಎಂದಳು. ಅವರು ನಗುತ್ತ ಒಂದು ನಳಿಗೆ ಕೊಟ್ಟರು. ನಾನು ಆಗಷ್ಟೇ ಅಳೆದು ಸಹಿ ಹಾಕಿದ್ದ ನಳಿಗೆ ಅದು. ಆಕೆ ಒಂದು ಕಣ್ಣು ಮುಚ್ಚಿ, ನಳಿಗೆಯನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿದಳು.

"ಇಲ್ಲೊಂಚೂರು ಸೊಟ್ಟ ಐತಲ್ಲ ಉಸ್ತಾದ್," ಎಂದು ಬೆರಳಿಟ್ಟು ತೋರಿಸಿದಳು.

ಉಸ್ತಾದ್ ಇಸಿದುಕೊಂಡು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ಅರೆ!" ಎಂದರು. ಅವರ ಬಾಯಿಂದ ಆ ಶಬ್ದ ಹಾಗೆ ಬಂದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಮುಂದಿನ ವಾರದಿಂದ ಆಕೆ ಸ್ಟೂಲಿನ ಮೇಲಿದ್ದಳು.

ಹೊಟ್ಟೆಕಿಚ್ಚು ಎಂಬ ಮಾತು ಎಷ್ಟು ಸರಿಯಾದದ್ದೆಂದು ನನಗೆ ಆಗ ತಿಳಿಯಿತು. ಅದು ತಲೆಯಲ್ಲಿ ಹುಟ್ಟುವುದಲ್ಲ, ಹೊಟ್ಟೆಯಲ್ಲೇ ಹುಟ್ಟುವುದು. ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಅನ್ನ ಇಳಿಯುತ್ತಿರಲಿಲ್ಲ. ಆಕೆ ಉಸ್ತಾದರ ಫ್ಲಾಸ್ಕಿನ ಮುಚ್ಚಳದಲ್ಲಿ ಟೀ ಕುಡಿಯುವುದನ್ನು ಕಂಡರೆ ಸಂಕಟ. ಹುಚ್ಚೆಳ್ಳು ಚಟ್ನಿ ತಂದು ನನ್ನ ರೊಟ್ಟಿಗೂ ಒಂದಿಷ್ಟು ಹಾಕಿದರೆ ಇನ್ನೂ ಸಂಕಟ. ಆಕೆ ಒಳ್ಳೆಯವಳಾಗಿರದಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಳ್ಳುತ್ತಿದ್ದೆ. ಹೆಸರಿಡಲು ಏನಾದರೂ ಸಿಗುತ್ತಿತ್ತು. ಆಕೆಗೆ ಗೇಜಿನ ಅಂಕಿ ಓದಲು ಬಾರದು ಎಂಬುದೊಂದೇ ನನ್ನ ಸಮಾಧಾನ. ಅದನ್ನು ನಾಲ್ಕು ಜನರೆದುರು ಎರಡು ಸಲ ಹೇಳಿಯೂ ಬಿಟ್ಟೆ. ಆಕೆ, "ಹೂಂ ಕಣಮ್ಮ, ಅದೊಂದು ನೀನೇ ನೋಡ್ಕೊಡು" ಎಂದು ನಕ್ಕಳು.

ಆಕೆಯ ಎಡಕ್ಕೊಂದು, ಬಲಕ್ಕೊಂದು ಚೌಕಟ್ಟಿದ್ದವು. ಬಾಗಿದ ನಳಿಗೆಗಳು ಎಡಕ್ಕೆ. ನೆಟ್ಟಗಾದದ್ದಕ್ಕೆ ಸೀಮೆಸುಣ್ಣದಲ್ಲಿ ಗೀಟು ಹಾಕಿ ಬಲಕ್ಕೆ. ಒಂದು ಮಧ್ಯಾಹ್ನ ಎಲ್ಲರೂ ಹೊರಗೆ ಹೊಂಗೆ ಮರದ ನೆರಳಿನಲ್ಲಿ ಊಟಕ್ಕೆ ಕೂತಿದ್ದರು. ರಿಜಿಸ್ಟರು ಮುಗಿಸಿ ಬರುತ್ತೇನೆಂದು ನಾನು ಒಳಗುಳಿದೆ. ಎಡಗಡೆಯಿಂದ ಎರಡು ನಳಿಗೆ ತೆಗೆದು, ಗೀಟು ಹಾಕಿ, ಬಲಗಡೆ ಇಟ್ಟೆ. ಹೊರಗೆ ಹೋಗಿ ಆಕೆಯ ಪಕ್ಕದಲ್ಲೇ ಕೂತು ಊಟ ಮಾಡಿದೆ. ಅವತ್ತು ಅನ್ನ ಇಳಿಯಿತು.

ನಾಲ್ಕು ದಿನದ ಮೇಲೆ ಹೊಸ ಕೋವಿಗಳನ್ನು ಹಿಂದಿನ ಮಣ್ಣಿನ ದಿಬ್ಬಕ್ಕೆ ಹೊಡೆದು ನೋಡುವ ಕೆಲಸವಿತ್ತು. ಮಾಲೀಕರು ಇದ್ದರು. ಪಾವಗಡದ ಅಂಗಡಿಯವರೊಬ್ಬರೂ ಬಂದಿದ್ದರು. ಎರಡು ಕೋವಿಗಳು ಮತ್ತೆ ಮತ್ತೆ ಗುರಿಯ ಎಡಕ್ಕೇ ಹೊಡೆದವು. ಅಂಗಡಿಯವರು ತಮ್ಮ ತೆಲುಗುಗನ್ನಡದಲ್ಲಿ, "ಏಮಯ್ಯಾ ಇದಿ, ಕಣ್ಮುಚ್ಕಂಡು ಮಾಡಿದ್ದಾ?" ಎಂದು ನಕ್ಕರು. ಮಾಲೀಕರ ಮುಖ ಕಪ್ಪಿಟ್ಟಿತು. ಉಸ್ತಾದ್ ಆ ಎರಡು ನಳಿಗೆ ಬಿಚ್ಚಿಸಿ ಕಿಟಕಿಗೆ ಹಿಡಿದು ನೋಡಿ, ಆಕೆಯ ಕೈಗೆ ಕೊಟ್ಟರು.

ಆಕೆ ನೋಡಿದಳು. "ಇವು ಸೊಟ್ಟ ಅಂತ ನಾನೇ ಎಡಕ್ಕಿಟ್ಟಿದ್ದೆ ಉಸ್ತಾದ್. ಇನ್ನೂ ಸುತ್ತಿಗೇನೇ ಮುಟ್ಟಿಸಿರ್ಲಿಲ್ಲ."

"ಹಂಗಾದ್ರೆ ಗೀಟು ಯಾರು ಹಾಕಿದ್ದು?"

ಆಕೆ ನನ್ನ ಕಡೆ ನೋಡಿದಳು. ದುರುಗುಟ್ಟಿಕೊಂಡಲ್ಲ. ನಳಿಗೆಯೊಳಗೆ ನೋಡುವ ಹಾಗೆಯೇ ನೋಡಿದಳು. ಎರಡೂ ನಳಿಗೆಗಳನ್ನು ಎಡಗಡೆಯ ಚೌಕಟ್ಟಿಗೇ ಇಟ್ಟಳು. ಮಾಲೀಕರು, ಇವಳನ್ನು ಪ್ಯಾಕಿಂಗಿಗೆ ವಾಪಸ್ ಹಾಕಿ ಎಂದರು. ಆಕೆ ಎರಡು ದಿನ ತಲೆತಗ್ಗಿಸಿಕೊಂಡು ಚೀಲ ತುಂಬಿದಳು. ಮೂರನೇ ದಿನ ಕೆಲಸಕ್ಕೆ ಬರಲಿಲ್ಲ.

ಉಸ್ತಾದರ ಕಣ್ಣಿಗೆ ಪೊರೆ ಬರತೊಡಗಿತ್ತು, ದಿನವಿಡೀ ನೋಡಲು ಆಗುತ್ತಿರಲಿಲ್ಲ. ಹಾಗಾಗಿ ಸ್ಟೂಲು ನನಗೆ ಸಿಕ್ಕಿತು. ಬೆಳಿಗ್ಗೆ ಏಳುವಾಗಲೇ ಹಬ್ಬ ಅನಿಸಿತ್ತು, ಒಳ್ಳೆಯ ಸೀರೆ ಉಟ್ಟುಕೊಂಡು ಹೋಗಿದ್ದೆ. ಕೂತು ನಳಿಗೆ ಎತ್ತಿ ಕಣ್ಣಿಗಿಟ್ಟೆ. ಅದೇ ಬೆಳಕು, ಅವೇ ಬಳೆಗಳು. ಮೂರು ದಿನ ಊಹೆಯ ಮೇಲೆ ಎಡಕ್ಕೆ, ಬಲಕ್ಕೆ ಹಾಕುತ್ತ ಹೋದೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಮೂರನೇ ದಿನ ಉಸ್ತಾದ್ ಬಲಗಡೆಯ ಒಂದು ನಳಿಗೆ ಎತ್ತಿ ನೋಡಿದರು. ಇನ್ನೊಂದು ನೋಡಿದರು. ಆಮೇಲೆ ನನ್ನ ಭುಜದ ಮೇಲೆ ಕೈಯಿಟ್ಟು, "ಬಿಡಮ್ಮ, ಎಲ್ಲಾರ್ಗೂ ಬರಲ್ಲ. ನಿನ್ ತಪ್ಪಲ್ಲ" ಎಂದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆ ಭಾನುವಾರ ಮಧುಗಿರಿಯಲ್ಲಿ ಬಸ್ಸು ಬದಲಿಸಿ ಮಿಡಿಗೇಶಿಗೆ ಹೋದೆ. ಕೇಳಿಕೊಂಡು ಹೋದರೆ ಮನೆ ಕೋಟೆ ಬೆಟ್ಟದ ಬುಡಕ್ಕೇ ಇತ್ತು. ಆಕೆ ಹಟ್ಟಿಯಲ್ಲಿ ಒಂದು ಕುರಿಯನ್ನು ಮಂಡಿಯ ನಡುವೆ ಒತ್ತಿ ಹಿಡಿದು ಗೊರಸಿನಿಂದ ಮುಳ್ಳು ತೆಗೆಯುತ್ತಿದ್ದಳು. ಕೈಯಲ್ಲಿದ್ದದ್ದು ನಮ್ಮ ಕಾರ್ಖಾನೆಯ ಮಡಚು ಚಾಕುವೇ. ಹಿಡಿ ಸೀಳಿದೆ ಎಂದು ತಿರಸ್ಕರಿಸಿದ್ದು.

"ಬಾ," ಎಂದಳು. ತಲೆಯೆತ್ತಲಿಲ್ಲ.

"ಗೀಟು ಹಾಕಿದ್ದು ನಾನು," ಎಂದೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಅಷ್ಟಕ್ಕೇ ಮುಗಿದುಹೋದವು.

"ಗೊತ್ತು."

"ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ?"

ಆಕೆ ಮುಳ್ಳು ಕಿತ್ತು, ಕುರಿಯನ್ನು ಬಿಟ್ಟು, ಚಾಕು ಒರೆಸಿ ಮಡಚಿದಳು. "ನಾನು ಹೇಳಿದ್ರೆ ಯಾರು ನಂಬ್ತಿದ್ರು? ನೀನು ಓದಿರೋಳು, ಸಯಿ ಹಾಕೋಳು. ಬುಡು, ಇವಾಗ ನನ್ ಮುಂದೆ ಹೇಳಿ ಏನ್ ಬಂತು? ಹೊಟ್ಟೆಗೆ ತಣ್ಣಗಾಗ್ಲಿ ಅಂತ ಬಂದಿದ್ದೀಯ. ನಂಗೆ ಬ್ಯಾಡ. ಎಲ್ಲಾರೆದ್ರಿಗೆ ನನ್ನ ತಗೊಂಡು ಹೋಗಿ ಪ್ಯಾಕಿಂಗ್‌ಗೆ ಹಾಕುದ್ರಲ್ಲ, ಅವ್ರೆದ್ರಿಗೇ ಹೇಳು. ಆಮೇಲ್ ಬತ್ತೀನಿ."

ಒಂದು ಲೋಟ ಮಜ್ಜಿಗೆ ಕೊಟ್ಟಳು. ಕೂರು ಎನ್ನಲಿಲ್ಲ. ನಿಂತೇ ಕುಡಿದು ಬಂದೆ.

ಸೋಮವಾರ ಬೆಳಿಗ್ಗೆ ಹಾಜರಿ ಹಾಕುವ ಹೊತ್ತಿಗೆ, ಎಲ್ಲರೂ ಸಾಲಾಗಿ ನಿಂತಿರುವಾಗ ಹೇಳಿದೆ. ಯಾರೋ ಹಿಂದಿನಿಂದ "ಥೂ" ಎಂದರು. ಮಾಲೀಕರು ಗೇಟಿನ ಕಡೆ ಕೈ ತೋರಿಸಿದರು. ಉಸ್ತಾದ್ ಮಾತ್ರ ಹತ್ತಿರ ಬಂದರು.

"ಆ ಕೋವಿ ಒಬ್ಬ ರೈತನ ಕೈಗೆ ಹೋಗಿದ್ರೆ? ಗಾಯ ಆಗಿರೋ ಹಂದಿ ಎದುರಿಗೆ ನುಗ್ಗಿ ಬಂದಾಗ ಏಟು ಪಕ್ಕಕ್ಕೆ ಹೋಗಿದ್ರೆ? ಯೋಚ್ನೆ ಮಾಡಿದ್ಯಾ?"

ಮಾಡಿರಲಿಲ್ಲ. ಆ ನಳಿಗೆಗಳಿಗೆ ಕೋವಿಯಾಗಿ ಹೊರಗೊಂದು ಬದುಕಿದೆ ಎಂಬುದೇ ನನಗೆ ಹೊಳೆದಿರಲಿಲ್ಲ. ನನಗೆ ಕಂಡದ್ದು ಆಕೆ, ಮತ್ತು ಆ ಸ್ಟೂಲು. ಅಲ್ಲೇ ಅತ್ತೆ.

ಉಸ್ತಾದ್ ಮಾಲೀಕರನ್ನು ಒಳಗೆ ಕರೆದುಕೊಂಡು ಹೋಗಿ ಬಹಳ ಹೊತ್ತು ಮಾತಾಡಿದರು. ಕೆಲಸ ಉಳಿಯಿತು, ಆದರೆ ಕೋವಿ ಶೆಡ್ಡಿನಲ್ಲಲ್ಲ. ರಿಜಿಸ್ಟರು, ಸಹಿ ಎರಡೂ ಹೋದವು. ನನ್ನನ್ನು ಪಕ್ಕದ ಶೆಡ್ಡಿಗೆ, ಕೈಗೊಡಲಿಗೆ ಸಾಣೆ ಹಿಡಿಯುವಲ್ಲಿಗೆ ಹಾಕಿದರು. ಬುಧವಾರ ಮಿಡಿಗೇಶಿಯವಳು ಬಂದು ಸ್ಟೂಲಿನ ಮೇಲೆ ಕೂತಳು.

ಸಾಣೆಯ ಕೆಲಸ ನನಗೆ ಒಗ್ಗಿತು. ನಾನು ಹಿಡಿದ ಕೊಡಲಿಯ ಬಾಯಿ ಚೆನ್ನಾಗಿರುತ್ತದೆ ಎಂದು ಹೇಳುತ್ತಾರೆ, ಅದು ನಿಜವೂ ಹೌದು. ಆದರೆ ನಾನು ಬದಲಾಗಿಬಿಟ್ಟೆ ಎಂದು ಹೇಳಲಾರೆ. ನನ್ನ ಯಂತ್ರದ ಜಾಗದಿಂದ ಆ ಕಿಟಕಿ ಕಾಣುತ್ತದೆ. ಬೆಳಗಿನ ಬೆಳಕಿನಲ್ಲಿ ಆಕೆ ನಳಿಗೆ ಎತ್ತಿ ಹಿಡಿದಾಗ ಇವತ್ತಿಗೂ ಹೊಟ್ಟೆಯಲ್ಲಿ ಅದೇ ಜಾಗ ಉರಿಯುತ್ತದೆ. ಉಸ್ತಾದ್ ಕೆಲಸ ಬಿಟ್ಟ ಮೇಲೆ ಆಕೆ ನೋಡಿದ ಪ್ರತಿ ನಳಿಗೆಗೂ ಆಕೆಯದೇ ಒಂದು ಮುದ್ರೆ ಒತ್ತಲು ಶುರುಮಾಡಿದರು. ಯಾರ ಕುರಿಯೆಂದು ತಿಳಿಯಲು ಕಿವಿಗೆ ಹಾಕುವ ಕಚ್ಚಿನಂಥ ಪುಟ್ಟ ಗುರುತು.

ಹೋದ ವರ್ಷ ನಮ್ಮಪ್ಪನಿಗೆ ಕೋವಿಯ ಲೈಸೆನ್ಸ್ ಬಂತು. ನಮ್ಮ ಕಡಲೆಕಾಯಿ ಹೊಲಕ್ಕೆ ಹಂದಿಗಳು ಬಂದರೆ ಟ್ರ್ಯಾಕ್ಟರ್ ಹೊಡೆದ ಹಾಗೆ ಮಾಡಿ ಹೋಗುತ್ತವೆ. ಅಪ್ಪ ನನಗೆ ಹೇಳದೆ ತುಮಕೂರಿನ ಅಂಗಡಿಯಲ್ಲಿ ನಮ್ಮ ಕಾರ್ಖಾನೆಯ ಕೋವಿಯನ್ನೇ ಕೇಳಿ ತಂದಿದ್ದ. ನಾನು ಮನೆಗೆ ಬರುವಾಗ ಜಗಲಿಯ ಮೇಲೆ ಅಕ್ಕಪಕ್ಕದವರನ್ನೆಲ್ಲ ಕೂಡಿಸಿಕೊಂಡು, "ನನ್ ಮಗಳ ಕೈಯಾಗೇ ಆಗಿರೋದು ಕಣ್ರಲಾ ಇದು" ಎನ್ನುತ್ತಿದ್ದ.

ಇಸಿದುಕೊಂಡು ನಳಿಗೆಯ ಬುಡ ನೋಡಿದೆ. ಕಚ್ಚಿನ ಗುರುತು ಇತ್ತು. ಕೋವಿ ಶೆಡ್ಡು ಬಿಟ್ಟದ್ದನ್ನು ನಾನು ಮನೆಯಲ್ಲಿ ಹೇಳಿರಲಿಲ್ಲ. ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ನಂದಲ್ಲಪ್ಪ. ಮಿಡಿಗೇಶಿಯವಳು ಅಂತ ಒಬ್ಳಿದಾಳೆ. ಅವಳ ಕೈ ಕೆಲ್ಸ," ಎಂದೆ.

"ಹಂಗಾದ್ರೆ ಇದ್ರಾಗೆ ನಿಂದೇನೈತೆ?"

"ಏನೂ ಇಲ್ಲ."

ಅಪ್ಪ ಕೋವಿಯನ್ನು ಒಳಗಿಟ್ಟು ಬಂದ. ಆಮೇಲೆ, "ಒಂದಿನ ಊಟಕ್ಕೆ ಕರ್ಕಂಡ್ ಬಾ ಆಯಮ್ಮನ್ನ," ಎಂದ.

ಕರೆದೆ. ಬರುವುದಿಲ್ಲ ಎಂದುಕೊಂಡಿದ್ದೆ, ಬಂದಳು. ಅಪ್ಪ ತೋಟಾ ಇಲ್ಲವೆಂದು ಎರಡು ಸಲ ನೋಡಿ ಕೋವಿಯನ್ನು ಬಿಚ್ಚಿ ಕೊಟ್ಟ. ಆಕೆ ನಳಿಗೆಯನ್ನು ಬಾಗಿಲ ಬೆಳಕಿಗೆ ಹಿಡಿದು, ಗೆರೆ ಎಲ್ಲಿ ಬೀಳುತ್ತದೆ, ಹೇಗೆ ನೋಡಬೇಕು ಎಂದು ಅಪ್ಪನಿಗೆ ತೋರಿಸಿದಳು. ಅಪ್ಪ ಬಗ್ಗಿ ನೋಡಿದ. "ಓಹೋ! ಕಾಣ್ತೈತೆ ಕಣವ್ವ!" ಎಂದು ಮಗುವಿನಂತೆ ಕೂಗಿದ. ನಿಜವಾಗಿ ಕಂಡಿತೋ, ಆಕೆಯ ಸಂತೋಷಕ್ಕೆ ಹೇಳಿದನೋ, ನಾನು ಕೇಳಲಿಲ್ಲ. ಎಲೆ ಹಾಕಿ ಮುದ್ದೆ ಬಡಿಸಿದೆ. ಊಟದುದ್ದಕ್ಕೂ ಅಪ್ಪ ಆಕೆಯನ್ನೇ ಮಾತಾಡಿಸುತ್ತಿದ್ದ. ನಡುವೆ ಒಂದೇ ಸಲ ನನ್ನ ಕಡೆ ತಿರುಗಿ, "ಆಯಮ್ಮಂಗೆ ಇನ್ನೊಂದ್ ಸೌಟು ಸಾರ್ ಬುಡು," ಎಂದ.

ಬಿಟ್ಟೆ.