ಹನ್ನೊಂದನೇ ನಂಬರಿನ ಸೀಸೆ

೨೦೧೮ನೇ ಇಸವಿಯ ಫೆಬ್ರವರಿಯಲ್ಲಿ ನಾನು ಸ್ವೀಡನ್ನಿನ ಸೋಲ್ನಾದಲ್ಲಿರುವ ಮಗಳ ಮನೆಗೆ ಹೋದಾಗ ಕೆಲಸ ಬಿಟ್ಟು ಎರಡು ವರ್ಷವಾಗಿತ್ತು. ಅದಕ್ಕೆ ಮೊದಲು ಇಪ್ಪತ್ತೊಂಬತ್ತು ವರ್ಷ ಮೈಸೂರಿನ ಒಂದು ಅಗರಬತ್ತಿ ಕಾರ್ಖಾನೆಯಲ್ಲಿದ್ದೆ. ಮೊದಲ ಆರು ವರ್ಷ ಕಡ್ಡಿ ಹೊಸೆದೆ. ಉಳಿದ ಇಪ್ಪತ್ಮೂರು ವರ್ಷ ಸೆಂಟ್ ರೂಮು. ಹೊಸೆದು ಒಣಗಿಸಿದ ಕಡ್ಡಿಗೆ ಹೇಳಿಕೊಳ್ಳುವಂಥ ವಾಸನೆ ಇರುವುದಿಲ್ಲ. ಕಾಂಪೌಂಡ್ ಎನ್ನುವ ಗಟ್ಟಿ ಸೆಂಟನ್ನು ತೆಳು ಮಾಡಿ, ಅದರಲ್ಲಿ ಕಡ್ಡಿಯನ್ನು ಅದ್ದಿ ತೆಗೆದ ಮೇಲೆಯೇ ಅದು ಮಲ್ಲಿಗೆಯೋ ಚಂದನವೋ ಆಗುವುದು. ಎಷ್ಟಕ್ಕೆ ಎಷ್ಟು ಎಂದು ತೂಗಿ ಕಲಸುವುದು ನನ್ನ ಕೆಲಸ. ಓದಿದ್ದು ನಾಲ್ಕನೇ ಕ್ಲಾಸು. ತಕ್ಕಡಿ ಓದುವುದಕ್ಕೆ ಅಷ್ಟು ಸಾಕು.

ಅಷ್ಟು ವರ್ಷದಲ್ಲಿ ಯಾವ ಮಿಶ್ರಣ ನನಗೆ ಹೆಚ್ಚು ಕಷ್ಟ ಕೊಟ್ಟಿತು ಎಂದು ಕೇಳಿದರೆ, ಕಾರ್ಖಾನೆಯದು ಯಾವುದೂ ಅಲ್ಲ. ಕೆಲಸ ಬಿಟ್ಟ ಮೇಲೆ ಮಗಳ ಅಡುಗೆಮನೆ ಮೇಜಿನ ಮೇಲೆ ಕಲಸಿದ್ದು. ಅದೂ ಅಳಿಯ ಸೇದುವುದಕ್ಕೆ.

ಅಳಿಯ ಪ್ರಸನ್ನ ಕಿಸ್ಟಾದ ಒಂದು ಟೆಲಿಕಾಂ ಆಫೀಸಿನಲ್ಲಿ ಇಂಜಿನಿಯರು. ಅವರಿಗೆ ಹರ್ನಿಯಾ ಆಗಿತ್ತು. ಹೊಟ್ಟೆಯ ಕೆಳಭಾಗದಲ್ಲಿ ಕರುಳು ಉಬ್ಬಿ ಬರುವ ರೋಗ ಅದು. ಹಾಲಿನ ಎರಡು ಡಬ್ಬ ಎತ್ತಿದರೂ ಮುಖ ಹಿಂಡುತ್ತಿದ್ದರು. ಬೇಸಿಗೆಯಿಂದ ಕಾದ ಮೇಲೆ ಆಪರೇಷನ್ನಿಗೆ ದಿನ ಸಿಕ್ಕಿತ್ತು, ಏಪ್ರಿಲ್ ಹದಿನೇಳು. ಜೊತೆಗೆ ಒಂದು ಷರತ್ತೂ ಬಂದಿತ್ತು. ಅದಕ್ಕೆ ಮೊದಲಿನ ಆರು ವಾರ ಒಂದು ಸಿಗರೇಟನ್ನೂ ಮುಟ್ಟಬಾರದು, ಮುಟ್ಟಿದರೆ ಗಾಯ ಮಾಯುವುದಿಲ್ಲ. ಸೇದಿದೆ ಎಂದು ಹೇಳಿದರೆ ದಿನ ರದ್ದು, ಮತ್ತೆ ಸಾಲಿನ ಕೊನೆಗೆ. ಅಳಿಯಂದಿರು ಹತ್ತೊಂಬತ್ತನೇ ವಯಸ್ಸಿನಿಂದ ಸೇದುತ್ತಿದ್ದವರು, ದಿನಕ್ಕೆ ಎಂಟೊಂಬತ್ತು. ಮಾರ್ಚ್ ಒಂದರಂದು ನಿಲ್ಲಿಸಿದರು. ಅದರ ಬದಲಿಗೆ ಬ್ಯಾಟರಿಯ ಒಂದು ಕೊಳವೆ ತಂದುಕೊಂಡರು. ಅದಕ್ಕೆ ರಸ ಹಾಕಿ ಗುಂಡಿ ಒತ್ತಿದರೆ ಒಳಗಿನ ತಂತಿ ಕಾದು, ರಸ ಆವಿಯಾಗಿ ಬಾಯಿಗೆ ಬರುತ್ತದೆ. ಆಸ್ಪತ್ರೆಯ ನರ್ಸಮ್ಮನಿಗೆ ಫೋನಿನಲ್ಲಿ ಇದನ್ನೂ ತಿಳಿಸಿದ್ದರು. ಏನೂ ಸೇದದಿದ್ದರೆ ಎಲ್ಲಕ್ಕಿಂತ ಒಳ್ಳೆಯದು, ಸಿಗರೇಟು ಮಾತ್ರ ಬೇಡವೇ ಬೇಡ ಎಂದರಂತೆ.

ಅಂಗಡಿಯ ರಸಗಳೆಲ್ಲ ಮಾವು, ಕಲ್ಲಂಗಡಿ, ಬಬಲ್ ಗಮ್ಮು. ಒಂದು ವಾರ ಅದನ್ನು ಎಳೆದು ಅವರಿಗೆ ವಾಕರಿಕೆ ಬಂತು. ಮನೆಯಲ್ಲೇ ಮಾಡಿಕೊಳ್ಳುತ್ತೇನೆಂದು ಒಂದು ಶನಿವಾರ ಬೆಳಿಗ್ಗೆ ಮೇಜಿನ ತುಂಬ ಸೀಸೆ ಹರಡಿದರು. ದೊಡ್ಡ ಸೀಸೆಯಲ್ಲಿ ಬೇಸ್ ಇತ್ತು, ಅಂದರೆ ಬಣ್ಣ ವಾಸನೆ ಇಲ್ಲದ ಎರಡು ದ್ರವ ಬೆರೆಸಿದ್ದು. ಒಂದು ತೆಳು, ಅದು ರುಚಿಯನ್ನು ಹೊರುತ್ತದೆ. ಇನ್ನೊಂದು ಗ್ಲಿಸರಿನ್, ಅದು ಹೊಗೆ ಎಬ್ಬಿಸುತ್ತದೆ. ಹತ್ತು ಎಂಎಲ್ಲಿನ ಪುಟ್ಟ ಸೀಸೆಗಳಲ್ಲಿ ನಿಕೋಟಿನ್ ಇತ್ತು. ನೋಡಿದ ತಕ್ಷಣ ನನಗೆ ಸೆಂಟ್ ರೂಮಿನ ಕಪಾಟು ನೋಡಿದ ಹಾಗಾಯಿತು. ಇಲ್ಲದಿದ್ದದ್ದು ತಕ್ಕಡಿ ಒಂದೇ. ಅಳಿಯಂದಿರು ಕಣ್ಣಳತೆಯಲ್ಲಿ ಸುರಿಯುತ್ತಿದ್ದರು. ಸುರಿದಾದ ಮೇಲೆ ಎದ್ದು ಹೋಗಿ ಫಿಲ್ಟರಿನಿಂದ ಎರಡು ಚಮಚ ಡಿಕಾಕ್ಷನ್ ತಂದು ಅದಕ್ಕೆ ಬೆರೆಸಿದರು. ಕಾಫಿ ಮತ್ತು ಸಿಗರೇಟು ಒಟ್ಟಿಗೇ ಬರಲಿ ಎಂಬ ಲೆಕ್ಕ.

ನಮ್ಮ ಕಡೆ ಅತ್ತೆಯಾದವಳು ಅಳಿಯನನ್ನು ನೇರವಾಗಿ ಬೈಯುವುದಿಲ್ಲ. ಬೈಯಲೇಬೇಕಾದರೆ ಮಗಳನ್ನು ಬೈಯಬೇಕು, ಅಳಿಯನಿಗೆ ಕೇಳಿಸುವ ಹಾಗೆ.

“ಶೈಲಾ, ಡಿಕಾಕ್ಷನ್ ಇರೋದು ಕುಡಿಯೋಕೆ ಅಂತ ಹೇಳಮ್ಮ ನಿನ್ನ ಗಂಡನಿಗೆ. ಕಾದ ತಂತಿ ಮೇಲೆ ಬಿದ್ರೆ ತಳ ಹತ್ತತ್ತೆ.”

“ಅವರು ಎಂ.ಟೆಕ್ ಮಾಡಿದಾರಮ್ಮ,” ಎಂದಳು ಶೈಲಾ. “ನಾನು ಹೇಳಿದ್ರೆ ಕೇಳ್ತಾರಾ?”

ತಳ ಹತ್ತಿತು. ಮೂರು ಸಲ ಎಳೆಯುವಷ್ಟರಲ್ಲಿ ತಂತಿ ಕರಿ ಕಟ್ಟಿ, ಸುಟ್ಟ ಹಾಲಿನ ಪಾತ್ರೆಯ ವಾಸನೆ ಬಂತು. ಅಳಿಯಂದಿರು ಕೆಮ್ಮಿ ಕೆಮ್ಮಿ, ಕೆಮ್ಮಿದಾಗ ಹೊಟ್ಟೆ ನೋಯುತ್ತದಲ್ಲ, ಅದನ್ನು ಹಿಡಿದುಕೊಂಡು ಕೂತರು. ನನಗೆ ನಗು ಬಂತು. ಬಂದದ್ದನ್ನು ಇಲ್ಲ ಎನ್ನುವುದು ಯಾಕೆ?

ಆದರೆ ಆಮೇಲೆ ಅವರು ಹೊಸ ತಂತಿ ಹಾಕಿ, ಸಾಮಾನಿನ ಕಪಾಟಿನಿಂದ ಒಂದು ಚಿಕ್ಕ ಸೀಸೆ ತೆಗೆದರು. ಪಾಯಸಕ್ಕೆಂದು ನಾನೇ ಊರಿಂದ ತಂದುಕೊಟ್ಟಿದ್ದ ಏಲಕ್ಕಿ ಎಣ್ಣೆ. ಅದರ ಮುಚ್ಚಳ ಬಿಚ್ಚಿ ರಸದ ಮೇಲೆ ಬಗ್ಗಿಸುವಷ್ಟರಲ್ಲಿ ನನ್ನ ಬಾಯಿಂದ ಸೆಂಟ್ ರೂಮಿನ ಗಂಟಲು ಹೊರಟಿತು.

“ಲೇ, ಕೈ ತೆಗಿಯೋ.”

ಮದುವೆಯಾದ ಹನ್ನೊಂದು ವರ್ಷದಲ್ಲಿ ಅವರನ್ನು ನಾನು ಏಕವಚನದಲ್ಲಿ ಕರೆದವಳಲ್ಲ. ಶೈಲಾ ನನ್ನನ್ನು ನೋಡಿದಳು, ಅಳಿಯಂದಿರು ಸೀಸೆಯನ್ನು ನೋಡಿದರು.

“ಅದು ಎಣ್ಣೆ,” ಎಂದೆ. “ಹೊಟ್ಟೆಗೆ ಹೋದ್ರೆ ಅರಗತ್ತೆ. ಎದೆಗೆ ಹೋಗಿ ಕೂತ್ರೆ ಯಾವ ಕಡೆಯಿಂದ ಹೊರಗೆ ಬರಬೇಕು?”

ಎಣ್ಣೆ ಯಾವುದರಲ್ಲಿ ಬೆರೆಯುತ್ತದೆ, ಯಾವುದರಲ್ಲಿ ತೇಲುತ್ತದೆ ಎಂಬುದು ನಮ್ಮ ಕೆಲಸದಲ್ಲಿ ಮೊದಲ ದಿನದ ಪಾಠ. ಅಳಿಯಂದಿರು ಮೊಬೈಲಿನಲ್ಲಿ ಹುಡುಕಿದರು. ಎಣ್ಣೆಯಂಶದ ಯಾವುದನ್ನೂ ಇದಕ್ಕೆ ಹಾಕಕೂಡದು, ಶ್ವಾಸಕೋಶ ಕೆಡುತ್ತದೆ ಎಂದು ಅಲ್ಲಿಯೂ ಬರೆದಿತ್ತು. ಮುಚ್ಚಳ ಹಾಕಿ ಸೀಸೆಯನ್ನು ನನ್ನ ಕಡೆ ತಳ್ಳಿ, “ಅತ್ತೆ, ಇನ್ಮೇಲೆ ನೀವೇ ಮಾಡಿ” ಎಂದರು.

ಮಾಡುತ್ತೇನೆಂದೆ, ಆದರೆ ನನ್ನ ಕಟ್ಟುಪಾಡಿನಲ್ಲಿ. ಗ್ರಾಮಿನ ನೂರರಲ್ಲಿ ಒಂದು ಪಾಲನ್ನೂ ತೋರಿಸುವ ತಕ್ಕಡಿ ತರಿಸಿದೆ. ನಿಕೋಟಿನ್ ಸೀಸೆಯನ್ನು ಮುಟ್ಟುವವರು ಅವರೊಬ್ಬರೇ, ಅದೂ ಗ್ಲೌಸ್ ಹಾಕಿ. ಚರ್ಮದ ಮೂಲಕವೂ ಅದು ಮೈಗೇರುತ್ತದೆ. ಒಂಬತ್ತು ವರ್ಷದ ಮೊಮ್ಮಗಳು ಮಾನಸಿ ಮನೆಯಲ್ಲಿದ್ದಳು, ಆದ್ದರಿಂದ ಅದು ಬೀಗ ಹಾಕಿದ ಮೇಲಿನ ಕಪಾಟಿಗೆ ಹೋಯಿತು. ನಾನು ಕಲಸುವುದು ಬೇಸ್ ಮತ್ತು ರುಚಿ ಮಾತ್ರ, ಈ ಕೆಲಸಕ್ಕೆಂದೇ ಮಾರುವ ಎಣ್ಣೆಯಿಲ್ಲದ ರುಚಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ರತಿ ಸೀಸೆಗೂ ನಂಬರು. ಕಲಸಿದ ಮೇಲೆ ಮೂರು ದಿನವಾದರೂ ಕತ್ತಲಲ್ಲಿ ಇಡಬೇಕು, ಇಲ್ಲದಿದ್ದರೆ ರುಚಿ ಒಂದು ಕಡೆ, ಬೇಸ್ ಇನ್ನೊಂದು ಕಡೆ.

ಎರಡು ವಾರದಲ್ಲಿ ಏಳು ನಂಬರು ಮಾಡಿದೆ. ತಂಬಾಕಿನ ರುಚಿಗೆ ಸ್ವಲ್ಪ ವೆನಿಲ್ಲಾ, ಸ್ವಲ್ಪ ಲವಂಗ, ಏಳನೆಯದಕ್ಕೆ ಗುಲಾಬಿ. ನಾನು ಎಳೆಯುವವಳಲ್ಲ. ಅವರು ಬಿಟ್ಟ ಹೊಗೆಯನ್ನು ಮೂಸಿ ಲೆಕ್ಕ ಹಾಕುತ್ತಿದ್ದೆ. ಏಳನೆಯದರ ಹೊಗೆ ಏಳುವ ಹೊತ್ತಿಗೆ ಮನೆಯೆಲ್ಲ ಘಮ್ಮೆಂದಿತು. ಮಾನಸಿ ಶಾಲೆಯಿಂದ ಬಂದು ಬಾಗಿಲಲ್ಲೇ ನಿಂತು ಸ್ವೀಡಿಷಿನಲ್ಲಿ ಏನೋ ಹೇಳಿದಳು. ದೇವಸ್ಥಾನದ ವಾಸನೆ ಬರುತ್ತಿದೆ ಎಂದಳಂತೆ. ನಾನು ಅದನ್ನು ಹೊಗಳಿಕೆ ಎಂದುಕೊಂಡೆ.

“ಹೇಗಿದೆ?” ಎಂದು ಅಳಿಯಂದಿರನ್ನು ಕೇಳಿದರೆ ಪ್ರತಿ ನಂಬರಿಗೂ ಒಂದೇ ಉತ್ತರ. “ಚೆನ್ನಾಗಿದೆ ಅತ್ತೆ.”

ಮಾರ್ಚ್ ಇಪ್ಪತ್ತೈದು, ಭಾನುವಾರ ಮಧ್ಯಾಹ್ನ. ಕಸ ಹಾಕಲು ಕೆಳಗೆ ಇಳಿದೆ. ಸೈಕಲ್ ನಿಲ್ಲಿಸುವ ಚಪ್ಪರದ ಕೆಳಗೆ, ಇನ್ನೂ ಕರಗದ ಹಿಮದ ಮೇಲೆ ಅಳಿಯಂದಿರು ನಿಂತಿದ್ದರು. ಕೈಯಲ್ಲಿ ಸಿಗರೇಟಿನ ಹೊಸ ಪ್ಯಾಕು. ನನ್ನನ್ನು ಕಂಡು ಬಚ್ಚಿಡಲೂ ಇಲ್ಲ.

“ಹಚ್ಚಿಲ್ಲ ಅತ್ತೆ.”

“ಗೊತ್ತು. ಹಚ್ಚಿದ್ರೆ ಅಲ್ಲಿಂದಾನೇ ನನ್ನ ಮೂಗಿಗೆ ಬರ್ತಿತ್ತು. ಯಾಕೆ ತಂದ್ರಿ?”

ಅವರು ಪ್ಯಾಕನ್ನು ತಿರುಗಿಸಿ ತಿರುಗಿಸಿ ನೋಡಿದರು. ಇನ್ನು ಇಪ್ಪತ್ಮೂರು ದಿನ ತಡೆಯುವುದಕ್ಕೆ ಆಗುವುದಿಲ್ಲ, ಆಪರೇಷನ್ ಮುಂದೆ ಹೋದರೆ ಹೋಗಲಿ ಎನಿಸುತ್ತಿದೆ ಎಂದರು. ಹೋದ ವಾರ ಆಫೀಸಿನಲ್ಲಿ ಒಂದು ಪೆಟ್ಟಿಗೆ ಸರಿಸಲು ಹೋಗಿ ನೆಲದ ಮೇಲೆ ಕೂತುಬಿಟ್ಟಿದ್ದರಂತೆ, ಮನೆಯಲ್ಲಿ ಹೇಳಿರಲಿಲ್ಲ. ಅಂಥವರು ಈಗ ಆಪರೇಷನ್ನೇ ಬೇಡ ಎನ್ನುತ್ತಿದ್ದರು.

“ಅಲ್ಲ, ನಾನು ಮಾಡಿಕೊಟ್ಟಿದ್ದು ಚೆನ್ನಾಗಿದೆ ಅಂದ್ರಲ್ಲ?”

“ಅತ್ತೆ, ಬೇಜಾರ್ ಮಾಡ್ಕೋಬೇಡಿ. ನಿಮ್ಮ ಏಳನೇ ನಂಬರ್ ಎಳೆದ್ರೆ ಗಣಪತಿ ಮುಂದೆ ಕೂತಂಗಾಗತ್ತೆ. ಸಿಗರೇಟ್ ಸೇದಿದಂಗಲ್ಲ.”

“ಮೊದಲನೇದು?”

“ಅದೂ ಪೂಜೆನೇ. ಸ್ವಲ್ಪ ಚಿಕ್ಕ ಪೂಜೆ.”

ಎರಡು ವಾರದ ಕೆಲಸ ಹಿಮದಲ್ಲಿ ಹೋಯಿತು. ಕೋಪ ಬಂತು, ಅವರ ಮೇಲಲ್ಲ. ಕಾರ್ಖಾನೆಯಲ್ಲಿ ಒಂದು ಲಾಟು ಮಾಲು ವಾಪಸು ಬಂದರೆ ನಾವು ಸೆಂಟನ್ನು ಮೂಸುತ್ತ ಕೂರುತ್ತಿರಲಿಲ್ಲ. ಅದನ್ನು ಹಚ್ಚುವವರ ಮನೆಗೋ ಅಂಗಡಿಗೋ ಹೋಗಿ, ಹೇಗೆ ಹಚ್ಚುತ್ತಾರೆ, ಎಲ್ಲಿ ಸಿಕ್ಕಿಸುತ್ತಾರೆ ಎಂದು ನೋಡುತ್ತಿದ್ದೆವು. ಇಲ್ಲಿ ಅವರು ಸಿಗರೇಟು ಸೇದುವುದನ್ನು ನಾನು ಒಂದು ದಿನವೂ ನೋಡಿರಲಿಲ್ಲ. ಅತ್ತೆಯ ಮುಂದೆ ಅಳಿಯ ಸಿಗರೇಟು ಹಚ್ಚುವುದಿಲ್ಲ.

“ಈಗ ಸೇದ್ತೀರಿ ಅಂತಿಟ್ಕೊಳಿ,” ಎಂದೆ. “ಮೊದಲಿಂದ ಕೊನೇವರೆಗೆ ಏನೇನು ಮಾಡ್ತೀರಿ, ಮಾಡಿ ತೋರಿಸಿ. ಬೆಂಕಿ ಒಂದು ಬೇಡ.”

ಅವರು ನಕ್ಕರು. ಆಮೇಲೆ ಮಾಡಿ ತೋರಿಸಿದರು. ಪ್ಯಾಕು ಒಡೆಯದೆ ಬೆರಳ ಸಂದಿಯಲ್ಲಿ ಸಿಗರೇಟು ಹಿಡಿದ ಹಾಗೆ ಹಿಡಿದು, ಗಾಳಿಗೆ ಬೆನ್ನು ಕೊಟ್ಟು, ಎಳೆದು, ಬಿಟ್ಟು, ಕೊನೆಗೆ ಕಾಲಲ್ಲಿ ಹೊಸಕಿ, ಜಾಕೆಟಿನ ಜೇಬಿಗೆ ಕೈ ಹಾಕಿ ಕಾಗದದ ಪೊಟ್ಟಣ ತೆಗೆದು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರು.

“ಅದೇನು?”

“ಸೋಂಪು.”

“ಯಾಕೆ?”

“ಅಭ್ಯಾಸ ಅತ್ತೆ. ಕಾಲೇಜಲ್ಲಿ ಅಪ್ಪಂಗೆ ವಾಸನೆ ಬರಬಾರ್ದು ಅಂತ. ಆಮೇಲೆ ಶೈಲಾಗೆ. ಈಗ ಮಾನಸಿಗೆ. ಪ್ರತಿ ಸಿಗರೇಟಿಗೂ ಒಂದು ಚಿಟಿಕೆ, ಇಪ್ಪತ್ತು ವರ್ಷದಿಂದ.”

ನನಗೆ ಅಲ್ಲೇ ಗೊತ್ತಾಯಿತು. ಈ ಮನುಷ್ಯ ಬರೀ ತಂಬಾಕನ್ನು ಎಂದೂ ಸೇದಿಯೇ ಇಲ್ಲ. ಬಾಯಲ್ಲಿ ಹಿಂದಿನ ಸೋಂಪು ಇರುವಾಗಲೇ ಮುಂದಿನ ಸಿಗರೇಟು ಹಚ್ಚಿದವರು. ಅವರ ನಾಲಿಗೆಗೆ ಸಿಗರೇಟೆಂದರೆ ತಂಬಾಕು ಮತ್ತು ಕಳ್ಳತನ, ಎರಡೂ ಸೇರಿದ್ದು. ನಾನು ಒಂದನ್ನೇ ಕೊಡುತ್ತಿದ್ದೆ, ಅದಕ್ಕೂ ಗುಲಾಬಿ ಮುಡಿಸಿ.

ಪ್ಯಾಕನ್ನು ಅವರೇ ಕಸದ ಡಬ್ಬಿಗೆ ಹಾಕಿದರು. ಮಾರನೇ ದಿನ ಸಂಜೆ ಇಬ್ಬರೂ ಅಂಗಡಿಗೆ ಹೋದೆವು. ಸೋಂಪಿನ ರುಚಿ ಇದೆಯಾ ಎಂದು ಕೇಳಲು ಅಳಿಯಂದಿರಿಗೆ ಸಂಕೋಚ, ಆದರೂ ಕೇಳಿದರು. ಅಂಗಡಿಯವನು ನಮ್ಮನ್ನು ಒಂದು ಕಪಾಟಿನ ಮುಂದೆ ನಿಲ್ಲಿಸಿದ. ಅನೀಸು, ಜೇಷ್ಠಮಧು, ಅದರಲ್ಲೇ ಏಳೆಂಟು ತರ. ಈ ದೇಶದ ಜನ ಮಿಠಾಯಿಗೂ ಬ್ರೆಡ್ಡಿಗೂ ಅದನ್ನು ಹಾಕುತ್ತಾರಂತೆ. ಅನೀಸು ನಮ್ಮ ಸೋಂಪಿನ ದಾಯಾದಿ. “ಎಣ್ಣೆ ಇದೆಯಾ ಕೇಳಿ,” ಎಂದು ಮೂರು ಸಲ ಕೇಳಿಸಿದೆ. ಅವನು ಮೂರು ಸಲವೂ ಇಲ್ಲ ಎಂದು, ಮೂರನೇ ಸಲ ಸೀಸೆಯ ಮೇಲೆ ಬರೆದದ್ದನ್ನು ನನಗೇ ತೋರಿಸಿದ. ನನಗೆ ಆ ಭಾಷೆ ಓದಲು ಬರುವುದಿಲ್ಲ ಎಂದು ಅವನಿಗೆ ಹೇಗೆ ಗೊತ್ತಾಗಬೇಕು? ತಲೆ ಆಡಿಸಿದೆ. ಅಳಿಯಂದಿರು ಓದಿ ಹೇಳಿದರು.

ಎಂಟನೇ ನಂಬರಿಗೆ ಐವತ್ತು ಗ್ರಾಮಿನಲ್ಲಿ ಎರಡು ಗ್ರಾಂ ಅನೀಸು ಹಾಕಿದೆ. “ಹೋಟೆಲ್ ಬಿಲ್ಲಿನ ಜೊತೆ ಕೊಡ್ತಾರಲ್ಲ, ಅದು” ಎಂದರು. ಒಂಬತ್ತಕ್ಕೆ ಒಂದು ಗ್ರಾಂ. “ಇನ್ನೂ ಸಿಹಿ, ಅತ್ತೆ.” ಈಗ ಅವರು ಬಾಯಿ ಬಿಟ್ಟಿದ್ದರು. ಹತ್ತಕ್ಕೆ ಕಾಲು ಗ್ರಾಂ. “ಏನೂ ಗೊತ್ತಾಗಲ್ಲ, ದಂಡ.” ಹನ್ನೊಂದಕ್ಕೆ ಅರ್ಧ ಗ್ರಾಂ, ತಂಬಾಕು ಹಾಗೇ, ನನ್ನ ಕಟ್ಟುಪಾಡನ್ನೇ ಮುರಿದು ವೆನಿಲ್ಲಾವನ್ನೂ ಪೂರ್ತಿ ಕೈಬಿಟ್ಟೆ. ನಾಲ್ಕು ದಿನ ಕತ್ತಲಲ್ಲಿಟ್ಟೆ.

ಏಪ್ರಿಲ್ ಎಂಟರಂದು ಅಳಿಯಂದಿರು ಬಾಲ್ಕನಿಯಲ್ಲಿ ಅದನ್ನು ಎಳೆದರು. ಮತ್ತೆ ಎಳೆದರು. ನಾನು ಗಾಜಿನ ಈಚೆ ನಿಂತು ಅವರ ಬಾಯನ್ನಲ್ಲ, ಕೈಯನ್ನು ನೋಡುತ್ತಿದ್ದೆ. ಬಲಗೈ ಸೋಂಪಿನ ಪೊಟ್ಟಣವಿದ್ದ ಜೇಬಿನ ಕಡೆ ಹೋಯಿತು, ಅರ್ಧದಲ್ಲಿ ನಿಂತಿತು, ಖಾಲಿ ವಾಪಸು ಬಂತು. ಅವರು ಹೇಳುವ ಮೊದಲೇ ನಾನು ಒಳಗೆ ಹೋಗಿ ಇನ್ನೂ ನೂರು ಗ್ರಾಂ ಕಲಸಲು ಕೂತೆ.

ಆಪರೇಷನ್ನಿನ ಹಿಂದಿನ ದಿನ ನರ್ಸಮ್ಮ ಹೇಳಿದಂತೆ ಅದನ್ನೂ ಮುಟ್ಟಲಿಲ್ಲ. ಹದಿನೇಳರ ಬೆಳಿಗ್ಗೆ ಆಸ್ಪತ್ರೆಯಲ್ಲಿ ಸಿಗರೇಟು ಸೇದುತ್ತೀರಾ ಎಂದು ಕೇಳಿದಾಗ, ಮಾರ್ಚ್ ಒಂದರಿಂದ ಒಂದೂ ಇಲ್ಲ ಎಂದರಂತೆ. ಸಂಜೆ ಮನೆಗೆ ಬಂದರು, ನಿಧಾನಕ್ಕೆ ಮೆಟ್ಟಿಲು ಹತ್ತಿಕೊಂಡು. ಗಾಯ ಚೆನ್ನಾಗಿ ಮಾಯಿತು. ಸಿಗರೇಟಿಗೆ ಅವರು ಮತ್ತೆ ಹೋಗಲಿಲ್ಲ. ಕೊಳವೆಯನ್ನೂ ಬಿಟ್ಟರು ಎಂದು ಬರೆದರೆ ಸುಳ್ಳಾಗುತ್ತದೆ. ಅದಕ್ಕೆ ಇನ್ನೊಂದು ವರ್ಷ ಹಿಡಿಯಿತು. ನಿಕೋಟಿನ್ನನ್ನು ಸ್ವಲ್ಪ ಸ್ವಲ್ಪವೇ ಇಳಿಸಿಕೊಂಡು ಬಂದರು. ಕೊನೆಯಲ್ಲಿ ಉಳಿದದ್ದು ಬರೀ ಸೋಂಪು.

ನನ್ನ ಕೆಲಸಕ್ಕೆ ಮೂಗು ಒಂದಿದ್ದರೆ ಸಾಕು ಎಂದು ಇಪ್ಪತ್ಮೂರು ವರ್ಷ ನಂಬಿದ್ದೆ. ಮೂಗು ಎಲ್ಲರಿಗೂ ಇದೆ. ಕಲಸುವವಳಿಗೆ ಬೇಕಾದದ್ದು, ಚೆನ್ನಾಗಿಲ್ಲ ಎಂದು ಮುಖಕ್ಕೆ ಹೇಳುವ ಒಬ್ಬ ಮನುಷ್ಯ. ಮರ್ಯಾದೆಗೆ ಚೆನ್ನಾಗಿದೆ ಎನ್ನುವವರು ಏಳು ಸೀಸೆ ಹಾಳು ಮಾಡಿಸುತ್ತಾರೆ, ಆಪರೇಷನ್ನನ್ನೂ ತಪ್ಪಿಸಿಕೊಳ್ಳುತ್ತಾರೆ. ಆ ಮನುಷ್ಯನ ಬಾಯಿ ಬಿಡಿಸುವುದೂ ಕಲಸುವವಳ ಕೆಲಸವೇ, ನಾನು ಅದನ್ನು ಮಾಡಿರಲಿಲ್ಲ.

ಆಪರೇಷನ್ ಆಗಿ ಒಂದು ವಾರಕ್ಕೆ ಊಟಕ್ಕೆ ಕೂತಾಗ ಅಳಿಯಂದಿರು ತಟ್ಟೆಯಿಂದ ತಲೆ ಎತ್ತಿ, “ಅತ್ತೆ, ಹುಳಿಗೆ ಉಪ್ಪು ಜಾಸ್ತಿಯಾಗಿದೆ” ಎಂದರು. ಶೈಲಾ ಗಾಬರಿಯಾಗಿ ನನ್ನ ಮುಖ ನೋಡಿದಳು. ನಾನು ಒಂದು ಚಮಚ ಬಾಯಿಗೆ ಹಾಕಿಕೊಂಡು ನೋಡಿದೆ. ಜಾಸ್ತಿಯೇ ಆಗಿತ್ತು.